ಬೀಗದ ಕೈ ಮುನಿಸಿಕೊಂಡಾಗ

ಮಾರ್ಚ್ ತಿಂಗಳ ಒಂದು ಬೆಳಗ್ಗೆ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಸಿಂಧಘಟ್ಟದಲ್ಲಿ ಒಂದು ಮನೆ ಎಂದುಕೊಳ್ಳಿ. ಮಗಳಿಗೆ ಅಂದು ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪರೀಕ್ಷೆ. ಹತ್ತು ಗಂಟೆಗೆ ಕೃಷ್ಣರಾಜಪೇಟೆಯ ಪರೀಕ್ಷಾ ಕೇಂದ್ರದಲ್ಲಿರಬೇಕು. ಬಸ್ಸು ಆಗಲೇ ಹೋಗಿದೆ. 'ಕಾರು ಇದೆಯಲ್ಲ, ಚಿಂತೆ ಏಕೆ?' ಎಂದು ತಂದೆ ಅಂಗಳಕ್ಕಿಳಿದು ಬೀಗದ ಕೈಯ ಗುಂಡಿ ಒತ್ತುತ್ತಾರೆ. ಕಾರು ಮಿಸುಕುವುದಿಲ್ಲ. ಮತ್ತೆ ಒತ್ತುತ್ತಾರೆ. ಜೋರಾಗಿ ಒತ್ತುತ್ತಾರೆ. ಕಾರಿನ ಮೂತಿಯ ಹತ್ತಿರ ಹಿಡಿದು ಒತ್ತುತ್ತಾರೆ. ಕೊನೆಗೆ ಅದನ್ನು ಅಂಗೈಗೆ ಎರಡು ಸಲ ಕುಟ್ಟಿ, ಬಾಯಿಂದ ಊದಿ ಒತ್ತುತ್ತಾರೆ. ಫಲ ಮಾತ್ರ ಸೊನ್ನೆ!

ಮನೆಯವರ ಮುಖ ಬಾಡಿತು. ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಆದರೆ ಪರೀಕ್ಷೆಗೆ ಹೊರಟ ಹುಡುಗಿ ಆ ಕೀಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅದರ ಪಕ್ಕದಲ್ಲಿ ಒಂದು ಸಣ್ಣ ಚಿಲಕ. ಅದನ್ನು ಸರಿಸಿ ಎಳೆದಾಗ ಒಳಗಿನಿಂದ ಒಂದು ಲೋಹದ ಕೀಲಿ ಹೊರಬಂತು. 'ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು' ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದಿರಬೇಕು. ಬಾಗಿಲ ಹಿಡಿಯ ಬಳಿಯ ಕಿಂಡಿಗೆ (ಕೆಲವು ಕಾರುಗಳಲ್ಲಿ ಇದರ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ) ಆ ಕೀಲಿ ಹಾಕಿ ತಿರುಗಿಸಿದರೆ ಬಾಗಿಲು ತೆರೆಯಿತು. ಜೊತೆಗೆ ಹಾರನ್ನು ಬೊಬ್ಬಿಡತೊಡಗಿತು! ನೆರೆಹೊರೆಯವರು ಹೊರಬಂದು ನೋಡಿದರು. ಹೆದರುವ ಕಾರಣವಿರಲಿಲ್ಲ. ಸಂಕೇತ ಬಾರದೆ ಬಾಗಿಲು ತೆರೆದಾಗ ಕೆಲವು ಕಾರುಗಳು ಕಳ್ಳ ಬಂದನೆಂದೇ ತಿಳಿಯುತ್ತವೆ. ಎಂಜಿನ್ ಚಾಲೂ ಆದೊಡನೆ ಸುಮ್ಮನಾಗುತ್ತವೆ.

ಆದರೆ ಎಂಜಿನ್ ಚಾಲೂ ಆಗುವುದೆಂತು? ಗುಂಡಿ ಒತ್ತಿ ಎಂಜಿನ್ ಹೊರಡಿಸುವ ಕಾರು ಅದು. 'ಕೀಲಿ ಪತ್ತೆಯಾಗಿಲ್ಲ' ಎಂಬ ಸೂಚನೆ ಫಲಕದಲ್ಲಿ ಮೂಡಿತು. ಹುಡುಗಿ ಕೀಲಿಯ ಪೆಟ್ಟಿಗೆಯನ್ನೇ ಆ ಗುಂಡಿಗೆ ತಾಗಿಸಿ ಹಿಡಿದಳು. ತಂದೆ ಬ್ರೇಕು ತುಳಿದು ಗುಂಡಿ ಒತ್ತಿದರು. ಎಂಜಿನ್ ಗುಡುಗಿತು. ಪರೀಕ್ಷೆಗೆ ಸಮಯಕ್ಕೆ ಸರಿಯಾಗಿ ತಲುಪಿದ್ದಾಯಿತು.

ಸತ್ತಿದೆ ಎಂದುಕೊಂಡ ಕೀಲಿ ಎಂಜಿನ್ನನ್ನು ಹೇಗೆ ಎಬ್ಬಿಸಿತು? ಇದನ್ನು ತಿಳಿಯಲು ಆ ಪುಟ್ಟ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಬೇಕು.

ಒಂದು ಪೆಟ್ಟಿಗೆ, ಮೂರು ಕೀಲಿ

ಕನ್ನಡದಲ್ಲಿ ಕೀಲಿಗೆ 'ಬೀಗದ ಕೈ' ಎನ್ನುತ್ತೇವೆ. ಹಿಂದೆ ಆ ಕೈ ಬೀಗದೊಳಗೆ ತೂರಬೇಕಿತ್ತು. ಈಗ ಇಪ್ಪತ್ತು ಮೂವತ್ತು ಅಡಿ ದೂರದಿಂದಲೇ ಚಾಚುತ್ತದೆ. ಆಧುನಿಕ ಕಾರಿನ ಕೀಲಿಯಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ಕೀಲಿಗಳು ಒಟ್ಟಿಗೇ ವಾಸವಾಗಿವೆ.

ಮೊದಲನೆಯದು ಲೋಹದ ಕೀಲಿ. ಇದಕ್ಕೆ ವಿದ್ಯುತ್ ಬೇಡ. ಎರಡನೆಯದು ಒಂದು ಪುಟ್ಟ ರೇಡಿಯೊ ಪ್ರೇಷಕ. ಗುಂಡಿ ಒತ್ತಿದಾಗ ಬಾಗಿಲು ತೆರೆಸುವುದು ಇದು. ಮೂರನೆಯದು ಕಳವು ತಡೆಯುವ ಚಿಪ್ಪು. ಇದು ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್ ಹೊರಡುತ್ತದೆ. ಜರ್ಮನಿಯಲ್ಲಿ 1998ರಿಂದ ಹೊಸ ಕಾರುಗಳಿಗೆ ಇಂಥ ತಡೆ ಕಡ್ಡಾಯವಾಯಿತು. ಈಗ ಭಾರತದ ಬಹುತೇಕ ಕಾರುಗಳಲ್ಲೂ ಇದೆ.

ರೇಡಿಯೊ ಪ್ರೇಷಕ ಎಂದೊಡನೆ ಮೈಸೂರು ನೆನಪಾಗಬೇಕು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಅದಕ್ಕೂ ಮುನ್ನ 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತದಲ್ಲಿ ಗೋಡೆಗಳನ್ನು ದಾಟಿ ಹೋಗುವ ವಿದ್ಯುತ್ಕಾಂತ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದ್ದರು. ತಂತಿಯಿಲ್ಲದೆ ದೂರದ ವಸ್ತುವೊಂದಕ್ಕೆ ಆಜ್ಞೆ ಕೊಡುವುದು! ಕಾರಿನ ಕೀಲಿ ಮಾಡುವುದೂ ಅದನ್ನೇ. ಜೇಬಿನಲ್ಲಿರುವ ಈ ಪುಟಾಣಿ ಆಕಾಶವಾಣಿ ಭಾರತದಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಕ್ಷಣಕಾಲ ಪ್ರಸಾರ ಮಾಡಿ ಸುಮ್ಮನಾಗುತ್ತದೆ. ಬೆಳಕಿನ ವೇಗವನ್ನು ಆವರ್ತಾಂಕದಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. ಅದು ಸುಮಾರು 69 ಸೆಂಟಿಮೀಟರ್. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು.

ಮೂರನೆಯ ಕೀಲಿಯ ಕತೆ ಇನ್ನೂ ಸೊಗಸು. ಗುಂಡಿಯ ಸುತ್ತ (ಅಥವಾ ಕೀಲಿ ತಿರುಗಿಸುವ ಕಿಂಡಿಯ ಸುತ್ತ) ಕಾರಿನಲ್ಲಿ ಒಂದು ತಂತಿಸುರುಳಿ ಇದೆ. ಅದರಲ್ಲಿ 125 ಕಿಲೋಹರ್ಟ್ಸ್ ಆಸುಪಾಸಿನ ವಿದ್ಯುತ್ ಹರಿದಾಗ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಕೀಲಿಯಲ್ಲೂ ಒಂದು ಪುಟ್ಟ ಸುರುಳಿ ಇದೆ. ಹತ್ತಿರ ಹಿಡಿದಾಗ ಆ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ನಿಯಮ ಇದೇ. ಹೀಗೆ ಕಾರಿನಿಂದಲೇ ಶಕ್ತಿಯನ್ನು ಕಡ ಪಡೆದು ಚಿಪ್ಪು ಉತ್ತರ ಕೊಡುತ್ತದೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಆದರೆ ಈ ಕ್ಷೇತ್ರ ಕೆಲವೇ ಸೆಂಟಿಮೀಟರ್ ದೂರದಲ್ಲಿ ಕ್ಷೀಣಿಸುವುದರಿಂದ ಕೀಲಿಯನ್ನು ತಾಗಿಸಿಯೇ ಹಿಡಿಯಬೇಕು. ಯಾವ ಜಾಗಕ್ಕೆ ತಾಗಿಸಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ. ಕೈಪಿಡಿಯಲ್ಲಿ ಬರೆದಿರುತ್ತದೆ. ಅದನ್ನು ಆಪತ್ತಿನ ದಿನ ಅಲ್ಲ, ಇಂದೇ ಓದಿಟ್ಟುಕೊಳ್ಳುವುದು ಜಾಣತನ.

ದೋಷ ಎಲ್ಲಿದೆ?

ಅಂದು ಸಂಜೆ ಆ ಮನೆಯಲ್ಲಿ ಪರೀಕ್ಷೆ ಮುಗಿಸಿ ಬಂದ ಹುಡುಗಿ ಕೀಲಿಯ ಪರೀಕ್ಷೆಗೆ ಕುಳಿತಳು. ಇಲ್ಲಿ ಬೇಕಾದದ್ದು ದೊಡ್ಡ ವಿದ್ಯೆಯಲ್ಲ, ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲ ನೋಡುವುದು ಪ್ರಯೋಗಶಾಲೆಯ ಮೊದಲ ಪಾಠ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೀಲಿ ಸರಿಯಾದರೂ ಕಾರಣ ತಿಳಿಯುವುದಿಲ್ಲ.

ಮೊದಲ ಪ್ರಶ್ನೆ: ದೋಷ ಕೀಲಿಯದೋ ಕಾರಿನದೋ? ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಒತ್ತಿ ನೋಡಿ. ಅದು ಕೆಲಸ ಮಾಡಿದರೆ ಕಾರು ಸರಿಯಿದೆ, ಮೊದಲ ಕೀಲಿ ಕೆಟ್ಟಿದೆ. ಎರಡೂ ಕೆಲಸ ಮಾಡದಿದ್ದರೆ ಎರಡೂ ಒಂದೇ ದಿನ ಕೆಟ್ಟಿರುವ ಸಂಭವ ಕಡಿಮೆ. ಆಗ ಕಾರಿನ ಕಡೆ ನೋಡಬೇಕು. ಒಳಗಿನ ದೀಪ ಮಂಕಾಗಿದೆಯೆ? ಹಾರನ್ನು ಕೀರಲಾಗಿದೆಯೆ? ಹಾಗಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯೇ ಬರಿದಾಗಿದೆ. ಕೇಳುವ ಕಿವಿಗೇ ಶಕ್ತಿ ಇಲ್ಲದಾಗ ಕೂಗಿ ಏನು ಫಲ?

ಎರಡನೆಯ ಪ್ರಶ್ನೆ: ಎಲ್ಲ ಕಡೆಯೂ ಹೀಗೆಯೋ, ಒಂದೇ ಜಾಗದಲ್ಲೋ? 433 ಮೆಗಾಹರ್ಟ್ಸ್ ಆಸುಪಾಸಿನ ಅಲೆಪಟ್ಟಿಯನ್ನು ತಂತಿರಹಿತ ಕರೆಗಂಟೆಯಂಥ ಇತರ ಉಪಕರಣಗಳೂ ಹಂಚಿಕೊಂಡಿವೆ. ಅಂಥದೊಂದು ಉಪಕರಣ ಕೆಟ್ಟು ಸದಾ ಪ್ರಸಾರ ಮಾಡುತ್ತಿದ್ದರೆ ಆ ಗದ್ದಲದಲ್ಲಿ ಕೀಲಿಯ ಪಿಸುಮಾತು ಕೇಳಿಸದು. ಸಂತೆಯಲ್ಲಿ ಕಿವಿಮಾತು ಹೇಳಿದಂತೆ! ಬೇರೆ ಜಾಗಕ್ಕೆ ಹೋದಾಗ ಕೀಲಿ ಸರಿಯಾಗಿ ನಡೆದರೆ ದೋಷ ಕೀಲಿಯದಲ್ಲ.

ಮೂರನೆಯ ಪ್ರಶ್ನೆ: ಒಮ್ಮೆಗೇ ನಿಂತಿತೋ, ಮೆಲ್ಲಗೆ ನಿಂತಿತೋ? ಮೊದಲು ಇಪ್ಪತ್ತು ಹೆಜ್ಜೆಯಿಂದ ತೆರೆಯುತ್ತಿದ್ದದ್ದು, ಆಮೇಲೆ ಐದು ಹೆಜ್ಜೆ, ಆಮೇಲೆ ಎರಡು ಮೂರು ಸಲ ಒತ್ತಿದರೆ ಮಾತ್ರ ಎಂದಾದರೆ ಅದು ಬ್ಯಾಟರಿ ಮುಪ್ಪಾಗುವ ಲಕ್ಷಣ. ನೆಲಕ್ಕೆ ಬಿದ್ದ ಮೇಲೆ ಅಥವಾ ಬಟ್ಟೆಯೊಡನೆ ನೀರಿಗೆ ಬಿದ್ದ ಮೇಲೆ ಒಮ್ಮೆಗೇ ನಿಂತಿದ್ದರೆ ಕಾರಣ ಬೇರೆ.

ಮೀಟರು ಹೇಳುವ ಸುಳ್ಳು

ಬಹುಪಾಲು ಸಂದರ್ಭಗಳಲ್ಲಿ ತಪ್ಪಿತಸ್ಥ ಬ್ಯಾಟರಿಯೇ. ಅನೇಕ ಕೀಲಿಗಳಲ್ಲಿರುವುದು ಸಿಆರ್ 2032 ಎಂಬ ನಾಣ್ಯದಂಥ ಲಿಥಿಯಂ ಕೋಶ. ಈ ಹೆಸರಿನಲ್ಲೇ ಅದರ ಜಾತಕವಿದೆ. 'ಸಿ' ಎಂದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿದ ಕೋಶ, 'ಆರ್' ಎಂದರೆ ದುಂಡಗಿನದು, 20 ಎಂದರೆ 20 ಮಿಲಿಮೀಟರ್ ವ್ಯಾಸ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಹಾಗಾದರೆ ಸಿಆರ್ 2025 ಎಂದರೆ? ವ್ಯಾಸ ಅದೇ, ದಪ್ಪ 2.5 ಮಿಲಿಮೀಟರ್. ಅಂಗಡಿಯವರು 'ಎರಡೂ ಒಂದೇ' ಎಂದರೆ ಒಪ್ಪಬೇಡಿ. 0.7 ಮಿಲಿಮೀಟರ್ ಸಂದು ಉಳಿದು ಕೀಲಿ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ.

ಆ ಮನೆಯಲ್ಲಿ ಹುಡುಗಿ ಹಳೆಯ ಕೋಶವನ್ನು ಮಲ್ಟಿಮೀಟರಿನಲ್ಲಿ ಅಳೆದಳು. 2.9 ವೋಲ್ಟ್ ತೋರಿಸಿತು. 'ಮೂರಕ್ಕೆ ಹತ್ತಿರವೇ ಇದೆಯಲ್ಲ, ಬ್ಯಾಟರಿ ಸರಿಯಿದೆ' ಎಂದರು ತಂದೆ. ಬಹಳ ಜನ ಎಡವುವುದು ಇಲ್ಲಿಯೇ. ಮೀಟರು ಕೋಶದಿಂದ ಎಳೆಯುವ ವಿದ್ಯುತ್ ತೀರ ಅತ್ಯಲ್ಪ. ಪ್ರೇಷಕವೋ ಸುಮಾರು 10 ಮಿಲಿಆಂಪಿಯರ್ ಬೇಡಬಹುದು. ಪ್ರತಿ ಕೋಶಕ್ಕೂ ಒಂದು ಒಳರೋಧ ಇರುತ್ತದೆ. ಹೊಸ ಕೋಶದಲ್ಲಿ ಅದು 15 ಓಮ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ ಒಳಗೇ ನಷ್ಟವಾಗುವುದು 0.01 ಗುಣಿಸು 15, ಅಂದರೆ 0.15 ವೋಲ್ಟ್. 3.2 ವೋಲ್ಟಿನಲ್ಲಿ 3.05 ಉಳಿಯಿತು. ಮುಪ್ಪಾದ ಕೋಶದಲ್ಲಿ ಒಳರೋಧ 100 ಓಮಿಗೆ ಏರಿದ್ದರೆ ನಷ್ಟ ಒಂದು ಪೂರ್ಣ ವೋಲ್ಟ್! 2.9ರಲ್ಲಿ ಉಳಿದದ್ದು 1.9 ಮಾತ್ರ. ಪ್ರೇಷಕ ಬಾಯಿ ತೆರೆಯುವ ಮುನ್ನವೇ ಮೂರ್ಛೆ ಹೋಗುತ್ತದೆ. ಕುಳಿತಾಗ ಗಟ್ಟಿಮುಟ್ಟಾಗಿ ಕಾಣುವ ಎತ್ತು ನೊಗ ಹೊತ್ತಾಗ ಮುಗ್ಗರಿಸಿದ ಹಾಗೆ.

ಆದ್ದರಿಂದ ಕೋಶವನ್ನು ಹೊರೆ ಹೊರಿಸಿ ಅಳೆಯಬೇಕು. 330 ಓಮ್ ರೋಧಕವೊಂದನ್ನು ಎರಡು ಸೆಕೆಂಡು ಕೋಶಕ್ಕೆ ಅಡ್ಡಲಾಗಿ ಹಿಡಿದು ಆಗ ಮೀಟರು ನೋಡಿ. ವೋಲ್ಟೇಜು ಧಡಕ್ಕನೆ ಕುಸಿದರೆ ಕೋಶದ ಆಯುಸ್ಸು ಮುಗಿದಿದೆ. ರೋಧಕ ಇಲ್ಲವೆ? ಇನ್ನೂ ಸುಲಭದ ದಾರಿ ಇದೆ. ಅಜ್ಜಿಯ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷಾ ಯಂತ್ರ, ಅಡುಗೆಮನೆಯ ಸಣ್ಣ ತಕ್ಕಡಿ ಮುಂತಾದ ಹಲವು ಉಪಕರಣಗಳಲ್ಲಿ ಇದೇ ಕೋಶವಿರುತ್ತದೆ. ನಂಬರು ಒಂದೇ ಎಂದು ಖಚಿತ ಮಾಡಿಕೊಂಡು ಐದು ನಿಮಿಷಕ್ಕೆ ಕಡ ಪಡೆಯಬಹುದು. ಅಜ್ಜಿಯದನ್ನು ಮರೆಯದೆ ಮರಳಿ ಹಾಕಬೇಕು!

ಹೊಸ ಕೋಶ ಹಾಕುವಾಗ ಅಧಿಕ ಚಿಹ್ನೆ ಇರುವ ಮುಖ ಯಾವ ಕಡೆಗಿತ್ತೆಂದು ಮೊದಲೇ ನೋಡಿಕೊಳ್ಳಿ. ಲೋಹದ ಚಿಮಟದಿಂದ ಹಿಡಿದರೆ ಎರಡು ಧ್ರುವಗಳೂ ಸೇರಿ ಕೋಶ ಬರಿದಾಗುತ್ತದೆ. ಬೆರಳ ಬೆವರು, ಎಣ್ಣೆ ಅಂಟಿದ್ದರೆ ಒಣಬಟ್ಟೆಯಿಂದ ಒರೆಸಿ. 'ಬ್ಯಾಟರಿ ತೆಗೆದರೆ ಕೀಲಿಯ ಗುಟ್ಟು ಅಳಿಸಿಹೋಗುತ್ತದೆ' ಎಂಬ ಭಯ ಹಲವರಿಗಿದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ವಿದ್ಯುತ್ ಇಲ್ಲದಾಗಲೂ ಮರೆಯದ ಸ್ಮೃತಿಕೋಶದಲ್ಲಿ ಆ ಗುಟ್ಟು ಬರೆದಿರುತ್ತದೆ.

ನೀರು, ಪೆಟ್ಟು, ಸವೆತ

ಹೊಸ ಕೋಶ ಹಾಕಿದರೂ ಕೀಲಿ ಏಳದಿದ್ದರೆ ಒಳಗಿನ ಲೋಹದ ಹಿಡಿಕೆಗಳನ್ನು ನೋಡಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಕೊಡವಿ ತೆಗೆಯಿರಿ. ಹಿಡಿಕೆ ಸಡಿಲವಾಗಿದ್ದರೆ ಕೊಂಚ ಮೇಲೆತ್ತಿ. ಗುಂಡಿಯ ಕೆಳಗೆ ಕೆಲವು ಕೀಲಿಗಳಲ್ಲಿ ಇಂಗಾಲ ಲೇಪಿಸಿದ ರಬ್ಬರು ಇರುತ್ತದೆ. ದಿನಕ್ಕೆ ಹತ್ತಾರು ಸಲ ಒತ್ತಿ ಅದು ಸವೆದಿರಬಹುದು. 'ಬೀಗ ಹಾಕು' ಗುಂಡಿ ಕೆಲಸ ಮಾಡಿ 'ತೆರೆ' ಗುಂಡಿ ಮಾತ್ರ ಮಾಡದಿದ್ದರೆ ಕೋಶವೂ ಪ್ರೇಷಕವೂ ಸರಿಯಿವೆ, ಆ ಗುಂಡಿಯೊಂದೇ ಕೆಟ್ಟಿದೆ ಎಂದು ತರ್ಕದಿಂದಲೇ ಹೇಳಬಹುದು. ಎತ್ತರದಿಂದ ಬಿದ್ದಿದ್ದರೆ ಬೆಸುಗೆ ಬಿರುಕು ಬಿಟ್ಟಿರಬಹುದು, ಅಥವಾ ಆವರ್ತಾಂಕ ಕಾಯುವ ತೆಳು ಸ್ಫಟಿಕ ಒಡೆದಿರಬಹುದು. ಆಗ ದೀಪ ಮಿನುಗಿದರೂ ಕಾರಿಗೆ ಸಂಕೇತ ತಲುಪುವುದಿಲ್ಲ. ಇದು ರಿಪೇರಿ ಬಲ್ಲವರ ಕೆಲಸ.

ಕಾಲುವೆಗೋ ಬಕೆಟ್ಟಿಗೋ ಬಿದ್ದ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ರೂಢಿ ಇದೆ. ಇದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಅಕ್ಕಿಯ ಪುಡಿ ಒಳಸೇರುವುದೊಂದೇ ಲಾಭ. ಮೊದಲು ಮಾಡಬೇಕಾದ್ದು ಕೋಶವನ್ನು ಕೂಡಲೇ ತೆಗೆಯುವುದು. ನೀರಿನಲ್ಲಿ ಕರಗಿದ ಲವಣಗಳ ಮೂಲಕ ವಿದ್ಯುತ್ ಹರಿದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ವಿದ್ಯುತ್ ನಿಂತರೆ ಆ ತಿನ್ನಾಟವೂ ಬಹುಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಫಲಕವನ್ನು ಒರೆಸಿ ನೆರಳಿನಲ್ಲಿ ಒಂದು ದಿನ ಒಣಗಿಸಬೇಕು.

ಕೂಪನ್ ಪುಸ್ತಕದ ಲೆಕ್ಕ

ಎಲ್ಲ ಸರಿಯಿದ್ದೂ ಕಾರು ಕೀಲಿಯ ಮಾತು ಕೇಳದ ಸಂದರ್ಭ ಒಂದಿದೆ. ಕೀಲಿ ಪ್ರತಿ ಸಲವೂ ಒಂದೇ ಸಂಕೇತ ಕಳುಹಿಸಿದರೆ ಕಳ್ಳ ಅದನ್ನು ರೆಕಾರ್ಡು ಮಾಡಿ ಮತ್ತೆ ನುಡಿಸಬಹುದು. ಅದಕ್ಕೇ ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ಉಪಾಯ ಬಂತು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ 'ಕೀಲಾಕ್' ಇದರ ಹೆಸರಾಂತ ಮಾದರಿ. ಹಾಲಿನ ಕೂಪನ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಹರಿದ ಕೂಪನ್ ಮತ್ತೆ ನಡೆಯುವುದಿಲ್ಲ, ಮುಂದಿನ ನಂಬರಿನದೇ ಆಗಬೇಕು. ಕಾರು ತಾನು ಕೊನೆಗೆ ಕಂಡ ನಂಬರನ್ನು ನೆನಪಿಟ್ಟಿರುತ್ತದೆ.

ಈಗ ಮನೆಯೊಳಗೆ ಪುಟ್ಟ ತಮ್ಮ ಕೀಲಿ ಹಿಡಿದು ಆಡುತ್ತ ಐವತ್ತು ಸಲ ಒತ್ತಿದ ಎನ್ನಿ. ಐವತ್ತು ಕೂಪನ್ ಹರಿದುಹೋದವು, ದೂರದಲ್ಲಿದ್ದ ಕಾರಿಗೆ ಒಂದೂ ತಲುಪಲಿಲ್ಲ. ಸಾಮಾನ್ಯ ಕೀಲಾಕ್ ಗ್ರಾಹಕ ಮುಂದಿನ 16 ನಂಬರುಗಳವರೆಗೆ ಸುಮ್ಮನೆ ಒಪ್ಪುತ್ತದೆ. ಅದಕ್ಕೂ ಮುಂದಕ್ಕೆ ಹೋಗಿದ್ದರೆ ಅನುಮಾನಿಸಿ, ಒಂದರ ಹಿಂದೊಂದು ಕ್ರಮವಾಗಿ ಎರಡು ಸಂಕೇತ ಬಂದರೆ ಮಾತ್ರ ನಂಬುತ್ತದೆ. ಆದ್ದರಿಂದ ಕಾರಿನ ಬಳಿ ನಿಂತು ಬಿಡಿಬಿಡಿಯಾಗಿ ಎರಡು ಮೂರು ಸಲ ಒತ್ತಿ ನೋಡುವುದು ಒಳ್ಳೆಯದು. ಬೇರೆ ಪದ್ಧತಿಯ ಕಾರುಗಳಲ್ಲಿ ಕೀಲಿಯನ್ನು ಮತ್ತೆ ಪರಿಚಯಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ, ಕೆಲವಕ್ಕೆ ಸೇವಾಕೇಂದ್ರದ ಗಣಕಯಂತ್ರವೇ ಬೇಕು. ಕೀಲಾಕ್ ಕೂಡ ಅಭೇದ್ಯವೇನಲ್ಲ. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು, ಚಿಪ್ಪು ಬಳಸುವ ವಿದ್ಯುತ್ತಿನ ಏರಿಳಿತವನ್ನು ಅಳೆದೇ ಅದರ ಗುಟ್ಟನ್ನು ಬಿಡಿಸಿದರು. ಬೀಗ ಮಾಡುವವರಿಗೂ ಮುರಿಯುವವರಿಗೂ ನಡುವಿನ ಓಟ ನಿಲ್ಲುವಂಥದಲ್ಲ.

ಹಳೆಯ ಕಾರು ಕೊಳ್ಳುವ ಪಾಲಕರು ಎರಡೂ ಕೀಲಿಗಳನ್ನು ಕೇಳಿ ಪಡೆಯಬೇಕು. ದೋಷ ಹುಡುಕಲು ಎರಡನೆಯದು ಎಷ್ಟು ಮುಖ್ಯವೆಂದು ಮೇಲೆ ನೋಡಿದ್ದಾಯಿತು. ಕಾರು ಕಳುವಾದರೆ ವಿಮಾ ಕಂಪನಿಗಳೂ ಸಾಮಾನ್ಯವಾಗಿ ಎರಡನ್ನೂ ಕೇಳುತ್ತವೆ.

ಮಾಡಿ ನೋಡಿ

ಟಿ.ವಿ. ರಿಮೋಟನ್ನು ಮೊಬೈಲ್ ಕ್ಯಾಮೆರಾದ ಎದುರು ಒತ್ತಿದರೆ ಅನೇಕ ಫೋನುಗಳ ಪರದೆಯಲ್ಲಿ ಬೆಳಕು ಮಿನುಗುತ್ತದೆ. ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣ. 1982ರಲ್ಲಿ ಫ್ರಾನ್ಸಿನ ರೆನೊ ಫ್ಯೂಗೊ ಕಾರಿಗೆ ದೂರದಿಂದ ಬೀಗ ತೆಗೆಯುವ ಸೌಲಭ್ಯ ಬಂದಾಗ ಬಳಸಿದ್ದೂ ಅವಕೆಂಪು ಕಿರಣವನ್ನೇ. ಇಂದಿನ ಕೀಲಿಯ ರೇಡಿಯೊ ಅಲೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಡಿದ ಕೈಯನ್ನು ಬೆನ್ನ ಹಿಂದಿಟ್ಟು ಒತ್ತಿದರೂ ಕಾರು ತೆರೆಯುತ್ತದೆ, ಟಿ.ವಿ. ಮಾತ್ರ ಕೇಳುವುದಿಲ್ಲ. ಏಕೆ? ಕೀಲಿಯನ್ನು ದೊಡ್ಡ ಸ್ಟೀಲ್ ಪಾತ್ರೆಯೊಳಗೆ ಹಿಡಿದು ಬಾಯಿಗೆ ತಟ್ಟೆ ಮುಚ್ಚಿಸಿ ಒತ್ತಿದರೆ ದೂರ ಕುಗ್ಗುತ್ತದೆಯೆ? ಏಕೆ? ಉತ್ತರ ಪುಸ್ತಕದಲ್ಲಿದೆ, ಹುಡುಕಿ.

ಸತ್ತ ಕೋಶ ಸತ್ತಿಲ್ಲ

ಕೊನೆಯ ಮಾತು ಪಾಲಕರಿಗೆ. ಕೀಲಿಗೆ ಸಾಲದೆಂದು ತೆಗೆದ ಕೋಶವನ್ನು ಹೆಚ್ಚಿನವರು ಕಿಟಕಿಯ ಮೇಲಿಟ್ಟು ಮರೆಯುತ್ತಾರೆ. ಅದರಲ್ಲಿ ಇನ್ನೂ ಎರಡು ಮೂರು ವೋಲ್ಟ್ ಇದೆ ಎಂದು ಮೀಟರು ತೋರಿಸಿತಲ್ಲವೆ? ನೀರನ್ನು ವಿಭಜಿಸಲು 1.23 ವೋಲ್ಟಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ತೆವಳುವ ಕೂಸು ಆ ಹೊಳೆಯುವ ಬಿಲ್ಲೆಯನ್ನು ನುಂಗಿದರೆ 20 ಮಿಲಿಮೀಟರ್ ಅಗಲದ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು, ಋಣ ಧ್ರುವದ ಬಳಿ ತೀಕ್ಷ್ಣ ಕ್ಷಾರ ಉಂಟಾಗಿ, ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗುತ್ತದೆ. ಪ್ರಾಣವೇ ಹೋದದ್ದುಂಟು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, 'ನಾಳೆ ಮಲದಲ್ಲಿ ಹೋದೀತು' ಎಂದು ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು. ಹಳೆಯ ಕೋಶದ ಎರಡು ಮುಖಕ್ಕೂ ಅಂಟುಪಟ್ಟಿ ಸುತ್ತಿ, ಕೈಗೆಟುಕದ ಡಬ್ಬಿಯಲ್ಲಿಟ್ಟು, ವಿದ್ಯುನ್ಮಾನ ಕಸ ಪಡೆಯುವವರಿಗೆ ಕೊಡಿ.

ಕೀಲಿ ಆಟಿಕೆಯೂ ಅಲ್ಲ. 2022ರ ಜೂನ್‌ನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಮೂವರು ಮಕ್ಕಳು, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯಲ್ಲಿ ನಾಲ್ವರು ಮಕ್ಕಳು, ನಿಲ್ಲಿಸಿದ್ದ ಕಾರಿನೊಳಗೆ ಆಡಲು ಹೋಗಿ ಹೊರಬರಲಾಗದೆ ತೀರಿಕೊಂಡರು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪ ಮೊದಲ ಅರ್ಧ ಗಂಟೆಯಲ್ಲೇ ಭಯಂಕರವಾಗಿ ಏರುತ್ತದೆ. ನಿಲ್ಲಿಸಿದ ಕಾರಿಗೆ ಅಂಗಳದಲ್ಲಿದ್ದರೂ ಬೀಗ ಹಾಕಿ, ಕೀಲಿಯನ್ನು ಎತ್ತರದ ಮೊಳೆಗೆ ತೂಗುಹಾಕಿ. ಮಗು ಒಳಗೆ ಸಿಕ್ಕಿ ಕೀಲಿಯೂ ಒಳಗೇ ಉಳಿದರೆ ಮೆಕ್ಯಾನಿಕ್ಕಿನ ದಾರಿ ಕಾಯಬಾರದು. ಮಗುವಿನಿಂದ ದೂರದ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕು. ಎದುರಿನ ದೊಡ್ಡ ಗಾಜು ಪದರ ಸೇರಿಸಿದ್ದು, ಸುಲಭವಾಗಿ ಒಡೆಯದು.

ಆ ಮನೆಯಲ್ಲಿ ಈಗ ಒಂದು ಹೊಸ ರೂಢಿ ಇದೆ. ಕಾರು ನಿಂತೊಡನೆ ಕೀಲಿ ಬಾಗಿಲ ಮೇಲಿನ ಮೊಳೆಗೆ ಹೋಗುತ್ತದೆ, ಎರಡನೆಯ ಕೀಲಿ ಬೀರುವಿನಲ್ಲಿದೆ, ಅದರ ಪಕ್ಕದಲ್ಲಿ ಒಡೆಯದ ಪೊಟ್ಟಣದಲ್ಲಿ ಒಂದು ಸಿಆರ್ 2032. ಕೈಪಿಡಿಯ ಆ ಪುಟಕ್ಕೆ ಹುಡುಗಿ ಕಾಗದದ ಚೂರೊಂದನ್ನು ಗುರುತಿಗಿಟ್ಟಿದ್ದಾಳೆ. ಮುಂದಿನ ವರ್ಷ ತಮ್ಮನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ.